ಗಾಡಿಯ ಹೊತ್ತು ಹೇಳಿದವಳು

ವಿಲೆ ಪಾರ್ಲೆ
12 ಜೂನ್ 1956

ಪ್ರೀತಿಯ ನೀಲಕ್ಕನಿಗೆ,

ನಿನ್ನ ತಂಗಿ ವಿನೋದಿನಿಯ ನಮಸ್ಕಾರ. ಎಂಟು ತಿಂಗಳಿಂದ ಮುಚ್ಚಿಟ್ಟದ್ದನ್ನು ಮೊದಲೇ ಬರೆದುಬಿಡುತ್ತೇನೆ. ನೀನು ಪುಣೆಗೆ ಹೊರಟ ಗಾಡಿ ಯಾವುದೆಂದು ಭಾವನಿಗೆ ಹೇಳಿದವಳು ನಾನು. ಭಾವನ ಹೋಟೆಲಿನ ಅಡುಗೆಯ ರಮಾನಾಥಣ್ಣ ಅಲ್ಲ. ಜೋಗೇಶ್ವರಿಗೆ ನಿನ್ನನ್ನು ನೋಡಲು ಬಂದಾಗ, ಅವನೇ ಹೇಳಿದ್ದೆಂದು ನೀನು ಅವನಿಗೆ ಶಾಪ ಹಾಕುತ್ತಿದ್ದೆ, ನಾನು ಪಕ್ಕದಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದೆ.

ನಮ್ಮವರು ಯಾರು ಪ್ರಯಾಣ ಹೊರಟರೂ ಫೋರ್ಟಿನ ಹೋಟೆಲಿನಿಂದ ಬುತ್ತಿ ಕಟ್ಟಿಸಿ ಸ್ಟೇಷನ್ನಿಗೆ ಕಳಿಸುವುದು ಭಾವನ ರೂಢಿಯಲ್ಲವೇ? ನೀನು ಶಿಕ್ಷಕಿಯಾಗುವುದು ಅವರಿಗೆ ಬೇಡವೆಂದು ನನಗೆ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ನಿನ್ನ ಪೆಟ್ಟಿಗೆ ಕಾಣದಾಗ ಅವರು ಸಿಟ್ಟಾಗಲಿಲ್ಲ. ಎಷ್ಟು ಗಂಟೆಯ ಗಾಡಿ ಮಾರಾಯ್ತಿ, ಅವಳು ಹಸಿದುಕೊಂಡು ಹೋಗುವುದು ಬೇಡ, ಇಡ್ಲಿ ಕಟ್ಟಿಸ್ತೇನೆ ಎಂದರು. ಮನಸ್ಸು ಕರಗಿತೆಂದು ನಂಬಿ ಹೇಳಿದೆ. ಬೋರಿಬಂದರ್ ಸ್ಟೇಷನ್ನಿಗೆ ಅವರೇ ಬಂದು ಎಲ್ಲರೆದುರು ನಿನ್ನನ್ನು ಗಾಡಿಯ ಡಬ್ಬಿಯಿಂದ ಇಳಿಸಿದರು. ಅಲ್ಲಿಂದ ನೇರ ಜೋಗೇಶ್ವರಿಗೆ, ಅವರ ತಾಯಿಯ ಕಾವಲಿಗೆ. ಇಡ್ಲಿಯನ್ನು ಮಾತ್ರ ನಿಜವಾಗಿಯೂ ತಂದಿದ್ದರಂತೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ನಾನೀಗ ವಿಮಾನ ನಿಲ್ದಾಣದಲ್ಲಿ ಹೆಂಗಸರ ವಿಶ್ರಾಂತಿ ಕೋಣೆ ನೋಡಿಕೊಳ್ಳುತ್ತೇನೆ. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಇಷ್ಟು ಸಿಕ್ಕಿದ್ದೇ ಹೆಚ್ಚು. ಹೋದ ವಾರ ಒಬ್ಬಳು ಸಿನಿಮಾ ನಟಿ ಬುರ್ಖಾ ಹಾಕಿಕೊಂಡು ಬಂದಳು. ಪ್ರಯಾಣಿಕರ ಪಟ್ಟಿಯಲ್ಲಿ ಅವಳಿಗೆ ಬೇರೆ ಹೆಸರು. ಕಾರು ವಿಮಾನದ ಏಣಿಯವರೆಗೆ ಹೋಗಬೇಕೆಂದು ಸಾಹೇಬರ ಅಪ್ಪಣೆ. ನಾವು ಆರು ಜನ ಬಾಯಿ ಮುಚ್ಚಿಕೊಂಡಿರಬೇಕೆಂದೂ ಅಪ್ಪಣೆ. ಪತ್ರಿಕೆಯವನೊಬ್ಬ ಬಾಗಿಲಲ್ಲಿ ಹಿಡಿದು, ಒಳಗಿರುವವಳು ಯಾರು, ಎಲ್ಲಿಗೆ ಎಂದು ಪೀಡಿಸಿದ. ಗೊತ್ತುಂಟು, ಹೇಳುವುದಿಲ್ಲ ಎಂದೆ. ಓಹೋ, ದೊಡ್ಡ ಸೆಕ್ರೆಟರಿ ಬಾಯಿ ಎಂದು ಹಂಗಿಸಿ ಹೋದ.

ಹಂಗಿಸಿದ್ದು ನನಗೆ ತಾಗಲಿಲ್ಲ. ಯಾವ ನಂಟೂ ಇಲ್ಲದವಳ ದಾರಿಯನ್ನು ಕಾಯುವುದಕ್ಕೆ ನನಗೆ ಬಾಯಿತ್ತು. ನಿನ್ನ ದಾರಿಗೆ ಯಾಕಿರಲಿಲ್ಲ? ನಮ್ಮಂಥವರು ಹೊರಟರೆ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಚಾಳಿನ ಮೆಟ್ಟಿಲಿಳಿಯುವುದರೊಳಗೆ ಹತ್ತು ಜನ ಕೇಳುತ್ತಾರೆ. ಉತ್ತರ ಕೊಡದಿದ್ದರೆ ಕಳ್ಳತನ, ಕೊಟ್ಟರೆ ಹೀಗೆ. ಸುಳ್ಳು ನನಗೆ ಬಾರದು, ನಿನಗೆ ಗೊತ್ತು. ಹೇಳದೆ ಇರುವುದು ಸುಳ್ಳಲ್ಲವೆಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಪುಣೆ ಬೇಡ, ಭಾವ ಅಲ್ಲಿಗೇ ಬರುತ್ತಾರೆ. ಬೇರೆ ಊರಿನ ತರಬೇತಿ ಶಾಲೆಯೊಂದಕ್ಕೆ ನಿನ್ನ ಹೆಸರಿನಲ್ಲಿ ಬರೆದಿದ್ದೆ. ಜಾಗವಿದೆ, ಹಾಸ್ಟೆಲ್ಲೂ ಇದೆ, ಹದಿನೈದರೊಳಗೆ ಬನ್ನಿ ಎಂದು ಉತ್ತರ ಬಂದಿದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕಾಗದ ತರುವ ರಾಜೀವಿ ನನ್ನ ಜೊತೆ ಕೆಲಸ ಮಾಡುವವಳು, ಜೋಗೇಶ್ವರಿಯ ನಿಮ್ಮ ಚಾಳಿನ ಹಿಂದೆಯೇ ಇರುವುದು. ಹೊತ್ತು, ಸ್ಟೇಷನ್ ಎರಡನ್ನೂ ಅವಳು ನಳದ ಹತ್ತಿರ ಬಾಯಲ್ಲೇ ಹೇಳುತ್ತಾಳೆ. ಪೆಟ್ಟಿಗೆ ತರಬೇಡ. ಉಟ್ಟ ಸೀರೆಯಲ್ಲಿ, ಕೊಡ ಹಿಡಿದು ನೀರಿಗೆ ಹೊರಟವಳಂತೆ ಬಾ. ನನ್ನನ್ನು ಕ್ಷಮಿಸದಿದ್ದರೂ ಬಾ.

ನಿನ್ನ ತಪ್ಪಿತಸ್ಥ ತಂಗಿ,
ವಿನೋದಿನಿ

ತಾ.ಕ.: ಭಾವನಿಗೂ ಒಂದು ಕಾಗದವನ್ನು ಅಂಚೆಗೆ ಹಾಕಿದ್ದೇನೆ, ನಾಡಿದ್ದು ತಲುಪುತ್ತದೆ. ಅಕ್ಕನನ್ನು ಕರೆದುಕೊಂಡು ಹೋದವಳು ನಾನೇ, ರಮಾನಾಥಣ್ಣನಿಗೆ ಇದೇನೂ ಗೊತ್ತಿಲ್ಲ, ಅವನನ್ನು ಬೈಯಬೇಡಿ ಎಂದು ಬರೆದು ಸಹಿ ಹಾಕಿದ್ದೇನೆ. ಎಲ್ಲಿಗೆ ಎಂದು ಬರೆದಿಲ್ಲ. ಇವತ್ತು ಕೆಲಸ ಬಿಟ್ಟೆ. ನಾಳೆ ನಾನೂ ನಿನ್ನ ಜೊತೆ ಹೊರಡುತ್ತೇನೆ.