ಕೆಂಪು ಹಿಡಿಕೆಯ ಕುಕ್ಕರ್ ಯಾರ ಮನೆಯಲ್ಲಿದೆ?

ಶ್ರೀ ಗುರು ಬಸವಲಿಂಗಾಯ ನಮಃ

ಆಳಂದ
೧೪-೭-೨೦೨೫

ಚಿ. ಸೌ. ಶಿವಗಂಗಾಳಿಗೆ, ಇಜೇರಿ

ನಿನ್ನ ಅಕ್ಕ ಸುಂದರಬಾಯಿ ಮಾಡುವ ಆಶೀರ್ವಾದಗಳು. ಕಾಗದ ಮೊದಲೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಸಿಟ್ಟು ನಿನಗೆ ಆಗಲೇ ಬಂದಿದೆ, ಅದೂ ಗೊತ್ತು. ಫೋನ್ ಎತ್ತುವುದಿಲ್ಲ, ಮೊಬೈಲಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳುವುದಿಲ್ಲ. ನಿನ್ನ ಮಗ ಸಂತೋಷಕುಮಾರನಿಗೆ ಮಾಡಿದರೆ "ಅವ್ವ ಹೊಲಕ್ಕ ಹೋಗ್ಯಾಳ್ರಿ ದೊಡ್ಡವ್ವ" ಅನ್ನುತ್ತಾನೆ. ಲಗ್ನವಾಗಿ ಹೋದಾಗಿನಿಂದ ಹೊಲದ ಬದು ತುಳಿಯದವಳು ಈಗ ದಿನಾ ಹೊಲಕ್ಕೆ ಹೋಗುತ್ತೀಯಾ? ಇರಲಿ. ನಮ್ಮೂರಿನ ಪಾತ್ರೆ-ಭಾಂಡೆ ಅಂಗಡಿಯ ಚಾಂದಪಾಶಾ ಅವರೇ ಈ ಕಾಗದ ಹಿಡಿದು ಗಾಡಿಯ ಮೇಲೆ ಬರುತ್ತಾರೆ. ನೀನು ಓದಿ ಮುಗಿಸುವವರೆಗೂ ಕಟ್ಟೆಯ ಮೇಲೆ ಕೂತಿರುತ್ತಾರೆ. ಚಹಾ ಕೊಡು, ಬಿಡು, ಆದರೆ ಓದದೆ ಅವರನ್ನು ಕಳಿಸಬೇಡ.

ಅವತ್ತು ಫೋನಿನಲ್ಲಿ ನಾನು ಕೇಳಿದ ರೀತಿ ಸರಿಯಿರಲಿಲ್ಲ. ಗಾಬರಿಯಲ್ಲಿದ್ದೆ. ಹಿಂದುಮುಂದಿಲ್ಲದೆ "ಸಂತೋಷನ ಲಗ್ನದಾಗ ನಾ ಕೊಟ್ಟ ಕುಕ್ಕರ ಎಲ್ಲದ?" ಎಂದುಬಿಟ್ಟೆ.

"ದಿನಾ ಅದರಾಗೇ ಬ್ಯಾಳಿ ಕುದಸ್ತೇನಿ ಅಕ್ಕ" ಅಂದೆ ನೀನು.

"ಹಿಡಕಿ ಯಾವ ಬಣ್ಣದ್ದದ?"

"ಕರೇದು."

"ಅಲ್ಲವಾ ಗಂಗಾ, ನಾ ಕೊಟ್ಟದ್ದು ಕೆಂಪು ಹಿಡಕೀದು."

ನೀನು "ಕೊಟ್ಟದ್ದರ ಹಿಸಾಬ ಕೇಳಾಕತ್ತಿಯೇನು? ವಾಪಸ್ ಬೇಕಾಗಿದ್ರ ಹೇಳು, ಹೊಸಾದೇ ತಂದು ನಿನ್ನ ಮುಂದ ಒಗೀತೇನಿ" ಎಂದು ಫೋನ್ ಇಟ್ಟೆ. ಅವತ್ತಿನಿಂದ ನಿನ್ನ ದನಿ ಕೇಳಿಲ್ಲ.

ನನಗೆ ಅದು ವಾಪಸ್ ಬೇಡ ತಂಗಿ. ನಿನ್ನ ಅಟ್ಟದ ಮೇಲೆ ಲಗ್ನದ ಉಡುಗೊರೆಯೆಂದು ಆಯೇರಿ ಬಂದ ಕುಕ್ಕರ್‌ಗಳೇ ಸಾಲಾಗಿ ಕೂತಿದ್ದವು. ಡಬ್ಬಿ ಕೂಡ ಬಿಚ್ಚದೆ ನನ್ನದನ್ನು ಇನ್ನೊಬ್ಬರ ಲಗ್ನಕ್ಕೆ ದಾಟಿಸಿದ್ದೀಯ. ಅದರಲ್ಲೇನು ತಪ್ಪು? ನಮ್ಮ ಕಡೆ ದಾಟಿಸದವರು ಯಾರಿದ್ದಾರೆ? ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ನೀನು ಕೊಟ್ಟ ಗೋಡೆ ಗಡಿಯಾರ ಈಗ ಅಫಜಲಪುರದಲ್ಲಿ ಬೇರೆಯವರ ಗೋಡೆಯ ಮೇಲೆ ಗಂಟೆ ಹೊಡೆಯುತ್ತಿದೆ. ನಮ್ಮ ಆಯೇರಿ ಸಾಮಾನು ನಮಗಿಂತ ಹೆಚ್ಚು ಊರು ನೋಡಿದೆ. ಈಗ ಇಬ್ಬರದೂ ಸರಿಸಮ ಆಯಿತು, ಇನ್ನು ನಾಚಿಕೆ ಬಿಡು.

ಆ ಕುಕ್ಕರ್ ಯಾಕೆ ಕೇಳುತ್ತಿದ್ದೇನೆಂದರೆ, ಅಂಥದ್ದೇ ಎರಡು ತಂದಿದ್ದೆ. ಒಂದು ನಿನಗೆ, ಒಂದು ನಮ್ಮ ಮನೆಗೆ. ನಮ್ಮದು ಹೋದ ವಾರ ಒಲೆಯ ಮೇಲೆಯೇ ಸಿಡಿಯಿತು. ಸೀಟಿ ಇಲ್ಲ, ಸಪ್ಪಳ ಇಲ್ಲ, ಮುಚ್ಚಳ ಕಿತ್ತು ಮೇಲೆ ಹಾರಿ ತೊಲೆಗೆ ಬಡಿಯಿತು. ಅಡುಗೆಮನೆ ತುಂಬ ಬೇಳೆ. ಮಗಳು ಸಪ್ನಾಳ ಕೈಗೆ ಸ್ವಲ್ಪ ಸಿಡಿಯಿತು, ಮುಲಾಮು ಹಚ್ಚಿದ್ದೇವೆ.

ಆ ಮುಚ್ಚಳ ಹಿಡಿದು ಚಾಂದಪಾಶಾ ಅವರ ಅಂಗಡಿಗೆ ಹೋದೆ. ನೋಡಿದ್ದೇ ಅವರ ಮುಖದ ಬಣ್ಣ ಇಳಿಯಿತು. ಆ ಬ್ಯಾಚಿನ ಕುಕ್ಕರ್‌ಗಳ ಮುಚ್ಚಳ ಹಬೆ ತುಂಬಿದಾಗ ಕಿತ್ತು ಬರುತ್ತದೆ, ಮಾರಿದ್ದನ್ನೆಲ್ಲ ವಾಪಸ್ ತರಿಸಿ ಎಂದು ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಮೊದಲೇ ಬಂದಿತ್ತಂತೆ. ಮಂದಿಗೆ ಕಾಣಲಿ ಎಂದು ಅದನ್ನು ಅಂಗಡಿಯ ಷಟರ್‌ಗೆ ಅಂಟಿಸಿದ್ದಾರೆ ಪುಣ್ಯಾತ್ಮರು! ಬೆಳಿಗ್ಗೆ ಷಟರ್ ಎತ್ತಿದರೆ ಕಾಗದವೂ ಸುತ್ತಿಕೊಂಡು ಮೇಲೆ ಹೋಗುತ್ತದೆ. ಗಿರಾಕಿ ಬಂದಾಗ ಕಾಣದು, ಕಾಣುವಾಗ ಗಿರಾಕಿ ಇಲ್ಲ. ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು, ಅವತ್ತಿನಿಂದ ಆ ಮನುಷ್ಯ ನೆನಪಿದ್ದವರ ಮನೆಗೆಲ್ಲ ತಾವೇ ಅಲೆದು ಕುಕ್ಕರ್ ತರುತ್ತಿದ್ದಾರೆ. "ಮನೀಗಿ ಒಯ್ದವರು ಸಿಗಾಕತ್ಯಾರ್ರಿ ಅಕ್ಕಾರ. ಆಯೇರಿಗಿ ಒಯ್ದದ್ದು ಎಲ್ಲಿ ಅಂತ ಹುಡಕಲ್ರಿ?" ಎಂದು ನನ್ನನ್ನೇ ಕೇಳುತ್ತಾರೆ.

ಗ್ರಾಹಕರ ಸಹಾಯವಾಣಿಗೂ ಫೋನ್ ಮಾಡಿದೆ. ಯಾವುದೋ ದೊಡ್ಡ ಊರಿನ ಹುಡುಗಿ, ಮರ್ಯಾದೆಯಿಂದ ಮಾತಾಡಿದಳು, ದೂರು ಬರೆದುಕೊಂಡಳು. "ಇನ್ನೊಂದು ಕುಕ್ಕರನ್ನು ಈಗ ಯಾರು ಬಳಸ್ತಿದ್ದಾರೆ ಅಮ್ಮಾ? ಅವರ ನಂಬರ್ ಕೊಡಿ, ಕಂಪನಿಯವರೇ ಮಾತಾಡ್ತಾರೆ" ಅಂದಳು. ನಾನು ಯಾರ ನಂಬರ್ ಕೊಡಲಿ ಗಂಗಾ? ಪತ್ರಿಕೆಯಲ್ಲೂ ಹಾಕಿದ್ದರಂತೆ, ಆನ್‌ಲೈನಿನಲ್ಲಿ ಕೊಂಡವರಿಗೆ ಮೆಸೇಜೂ ಹೋಗಿದೆಯಂತೆ. ಎಚ್ಚರಿಕೆಯೆಲ್ಲ ಕೊಂಡವರಿಗೆ. ನಮ್ಮಲ್ಲಿ ಕೊಳ್ಳುವವರು ಒಬ್ಬರು, ಕೊಡುವವರು ಒಬ್ಬರು, ಒಲೆಯ ಮುಂದೆ ನಿಲ್ಲುವವಳು ಇನ್ನೊಬ್ಬಳು. ಅವಳಿಗೆ ಯಾರು ಹೇಳಬೇಕು?

ಸಂತೋಷಕುಮಾರನಿಗೂ ಬಿಡಿಸಿ ಹೇಳಿದೆ, ಅದರಿಂದ ಜೀವಕ್ಕೆ ಅಪಾಯ ಇದೆಯಪ್ಪಾ ಅಂತ. "ನಮ್ಮದು ಛಲೋ ನಡದದ ದೊಡ್ಡವ್ವ" ಅಂದ. ನೀನೇ ಹಾಗೆ ಹೇಳು ಅಂದಿರಬೇಕು. ಈ ಬೇಸಿಗೆಯಲ್ಲಿ ನೀನು ಹೋದ ಲಗ್ನಗಳಲ್ಲಿ ನನಗೆ ಗೊತ್ತಿರುವುದು ಕರಜಗಿಯದು, ಸೊನ್ನದ್ದು, ಜೇವರ್ಗಿಯದು. ನಂಬರ್ ಇದ್ದದ್ದು ಕರಜಗಿಯವರದು ಮಾತ್ರ, ಅವರಿಗೆ ಫೋನ್ ಹಚ್ಚಿ ಮೆಲ್ಲಗೆ ಕೇಳಿದೆ. ನಿನ್ನ ಕೈ ಎಷ್ಟು ಧಾರಾಳ ಎಂದು ನಾನು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ. "ನಿಮ್ಮ ತಂಗಿ ಭಾಳ ಛಲೋ ಆಯೇರಿ ಮಾಡ್ಯಾರ್ರಿ, ಭಾಳ ಛಲೋ" ಎಂದು ಹೊಗಳಿದ್ದೇ ಹೊಗಳಿದ್ದು. ಏನು ಮಾಡಿದೆ ಎಂದು ಬಾಯಿ ಬಿಡಲಿಲ್ಲ. ನಿನ್ನ ಮಾನ ಕಾಯುತ್ತಿದ್ದಾರೆ, ಪಾಪ. ನಿನ್ನ ಮಾನ, ನನ್ನ ಮಾನ, ಅವರ ಮಾನ, ಇಷ್ಟೆಲ್ಲ ಕಾಯುತ್ತ ಕೂತರೆ ಯಾರದೋ ಮನೆಯ ಹೊಸ ಸೊಸೆ ಇವತ್ತೋ ನಾಳೆಯೋ ಆ ಡಬ್ಬಿ ಬಿಚ್ಚುತ್ತಾಳೆ. ಕೆಂಪು ಹಿಡಿಕೆ ಎಷ್ಟು ಚಂದ ಇದೆ ಎಂದು ಅದನ್ನೇ ಒಲೆಗೆ ಏರಿಸುತ್ತಾಳೆ. ನನಗೆ ಊಟ ಸೇರುತ್ತಿಲ್ಲ. ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ಜೀವ ಹೌಹಾರುತ್ತದೆ.

ನಿನ್ನ ಕಾಲಿಗೆ ಬೀಳುತ್ತೇನೆ, ಹಿರಿಯಳಾಗಿ ಬೀಳುತ್ತೇನೆ. ಯಾರಿಗೆ ಕೊಟ್ಟೆ, ಒಂದು ಹೆಸರು ಹೇಳು. ಅವರಿಗೆ ಈಗಲೇ ಫೋನ್ ಮಾಡು, ಒಲೆಯ ಮೇಲಿದ್ದರೆ ಒಲೆ ಆರಿಸಲಿ, ಕೈ ಹಚ್ಚುವುದು ಬೇಡ. ಆಮೇಲೆ ಚಾಂದಪಾಶಾ ಅವರ ಜೊತೆ ನೀನೇ ಹೋಗು. ಬದಲಿಗೆ ಕೊಡಲು ಹೊಸ ಕುಕ್ಕರ್ ಅವರ ಗಾಡಿಗೆ ಕಟ್ಟಿದ್ದೇವೆ, ಕೊಟ್ಟದ್ದನ್ನು ಕಸಿದುಕೊಂಡರು ಅನ್ನಿಸುವುದಿಲ್ಲ. ಏನಾದರೂ ಅಂದರೆ, ನಮ್ಮ ಅಕ್ಕನಿಗೆ ತಲೆ ಕೆಟ್ಟಿದೆ, ಅವಳದೇ ಹಟ ಅಂದುಬಿಡು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮ ಮನೆಯವರಿಗೆ ಶರಣು ತಿಳಿಸು. ಸಂತೋಷನಿಗೂ ಸೊಸೆಗೂ ಬಸವಣ್ಣ ಆಯುಷ್ಯ ಕೊಡಲಿ. ನಿನ್ನ ಮನೆಯ ಒಲೆ, ಅವರ ಮನೆಯ ಒಲೆ, ಎಲ್ಲವೂ ತಣ್ಣಗಿರಲಿ.

ನಿನ್ನ ಅಕ್ಕ,
ಸುಂದರಬಾಯಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಸಪ್ನಾಳಿಗೆ ಸಿಡಿದದ್ದು ಕೈಗಲ್ಲ, ಮುಖಕ್ಕೆ. ಕಲಬುರಗಿಯಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಅವಳ ಬಟ್ಟೆ ಒಯ್ಯಲು ಮನೆಗೆ ಬಂದು ಇದನ್ನು ಬರೆದೆ. ಬಲಗಣ್ಣು ಹೋಯಿತು ಗಂಗಾ. ಎಡಗಣ್ಣಿನ ಮಾತು ಎತ್ತಿದರೆ ಡಾಕ್ಟರು ನೋಡೋಣ ಅನ್ನುತ್ತಾರೆ. ಬಾಣಂತಿತನದಲ್ಲಿ ನನಗೆ ಜ್ವರ ಹಿಡಿದಾಗ ನಿನ್ನ ಹಾಲು ಕುಡಿದು ಉಳಿದ ಕೂಸು ಅದು. ತಿಳಿದರೆ ಉಟ್ಟ ಸೀರೆಯಲ್ಲೇ ಆಸ್ಪತ್ರೆಗೆ ಓಡಿ ಬರುತ್ತೀಯೆಂದು ಬರೆದಿರಲಿಲ್ಲ. ಬರೆಯದಿದ್ದರೆ ಈ ಸಲವೂ ಹೆಸರು ಹೇಳಲಿಕ್ಕಿಲ್ಲವೆಂದು ಹೆದರಿ ಬರೆದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವಳು, ಬಾಗಿಲು ಸಪ್ಪಳವಾದಾಗಲೆಲ್ಲ ಕೇಳುತ್ತಾಳೆ, "ಅವ್ವಾ, ಆ ಇನ್ನೊಂದು ಸಿಕ್ತೇನು?" ಇಲ್ಲಿಗೆ ಬರಬೇಡ ತಂಗಿ. ಮೊದಲು ಆ ಮನೆಗೆ ಹೋಗು.