ನೀಲಿ ನೋಟ್‌ಬುಕ್ಕಿನ ‘ಮೇಲಿನಂತೆಯೇ’

ಮನೆಯಿಂದ,
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕಾ,

‘ನೋವು ತನ್ನ ಹೆಸರನ್ನು ತಾನೇ ಹೇಳುತ್ತದೆ’ ಅಂತ ಎಲ್ಲೋ ಒಂದು ಸಾಲು ಓದಿದ್ದೆ. ಹೇಳುತ್ತದೆಯೋ, ಹೇಳಬೇಕೋ, ಸರಿಯಾಗಿ ನೆನಪಿಲ್ಲ. ಹೇಗಿದ್ದರೂ ಸುಳ್ಳು, ನನ್ನದು ಹೇಳಲಿಲ್ಲ. ಅದಿರಲಿ, ನಿನ್ನ ಮೊಣಕಾಲು ಹೇಗಿದೆ? ಬಾಣಂತಿ ಮಗಳು ಹೊಟ್ಟೆತುಂಬ ಉಣ್ಣುತ್ತಾಳಾ? ಮೊಮ್ಮಗಳು ಹೊತ್ತುಗೊತ್ತಿಲ್ಲದೆ ಅಳುವಿನ ಕಚೇರಿ ನಡೆಸುತ್ತಾಳೆ ಅಂದಿದ್ದೆಯಲ್ಲ. ಅಜ್ಜಿಯ ಗಂಟಲೇ ಬಂದಿದೆ ಬಿಡು.

ನನ್ನ ಹೆಪಟೈಟಿಸ್‌ಗೆ ವಾರಕ್ಕೊಂದರಂತೆ ಇಪ್ಪತ್ತೆಂಟನೇ ಇಂಜೆಕ್ಷನ್ ಆಯಿತು, ಇನ್ನಿಪ್ಪತ್ತು ವಾರ. ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ ಅಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅತ್ತೆವಲ್ಲ, ಅದಾಗಿ ನೀನು ಮಗಳ ಬಾಣಂತನಕ್ಕೆ ಹೊರಟೆ. ಇಂಜೆಕ್ಷನ್ನಿನಿಂದಾಗುವ ತೊಂದರೆಗಳನ್ನು ಡಾಕ್ಟರಿಗೆ ಬರೆದಿಡುವ ನೀಲಿ ನೋಟ್‌ಬುಕ್ಕು ನನ್ನ ಕೈಗೆ ಬಂತು. ನೀನಾದರೆ ವಾರವಾರ ಎದುರಿಗೆ ಕೂರಿಸಿಕೊಂಡು ‘ಎಲ್ಲಿ ನೋವು, ತೋರಿಸೇ’ ಅಂತ ಪೀಡಿಸಿ ಬರೆಯುತ್ತಿದ್ದೆ. ನಾನೋ, ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕಗಳ ಪಟ್ಟಿ ಬರೆದವಳು. ಒಬ್ಬನೇ ಲೇಖಕನ ಹತ್ತು ಪುಸ್ತಕ ಬಂದರೆ ಮೊದಲನೆಯದಕ್ಕೆ ಹೆಸರು, ಉಳಿದ ಒಂಬತ್ತಕ್ಕೆ ‘ಮೇಲಿನಂತೆಯೇ’. ಕೈ ಆ ಚಾಳಿಗೇ ಬಿತ್ತು. ‘ಜ್ವರ, ಮೈಕೈ ನೋವು, ಸುಸ್ತು’ ಎಂಬ ನಿನ್ನ ಕೊನೆಯ ಸಾಲಿನ ಕೆಳಗೆ ಹತ್ತು ವಾರ ‘ಮೇಲಿನಂತೆಯೇ’. ಡಾಕ್ಟರು ಪುಟ ತಿರುಗಿಸಿ, ‘ಒಳ್ಳೇ ಪೇಷೆಂಟ್ ಅಮ್ಮಾ ನೀವು’ ಅಂದರು. ನಾನು ಉಬ್ಬಿಹೋದೆ.

ಮೇಲಿನಂತೆ ಇಲ್ಲ, ಅಕ್ಕಾ. ತಲೆ ಬಾಚಲು ತೋಳೆತ್ತಿದರೆ ಅರ್ಧಕ್ಕೇ ಕುಸಿಯುತ್ತದೆ. ಮೇಲಿನ ಕಪಾಟಿನ ನಿಘಂಟು ಇಳಿಸಲಾಗದೆ, ‘ಯಾರೋ ಒಯ್ದಿದ್ದಾರೆ’ ಅಂತ ಓದಲು ಬಂದವರಿಗೆ ಸುಳ್ಳು ಹೇಳಿದೆ. ಸೆಕೆಯಲ್ಲೂ ಸ್ವೆಟರ್. ಮುಖ ಊದಿದೆ. ದನಿ ಗಡಸಾಗಿದೆ, ಫೋನಿನಲ್ಲಿ ನೀನು ‘ನೆಗಡಿಯಾ?’ ಅಂದಾಗ ಹೂಂಗುಟ್ಟಿದೆ. ಈ ಔಷಧ ಕೆಲವರ ಥೈರಾಯ್ಡನ್ನೂ ಸ್ನಾಯುಗಳನ್ನೂ ಕೆಡಿಸುತ್ತದೆ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಪರೀಕ್ಷೆಗೆ ಬರೆದುಕೊಟ್ಟ ಚೀಟಿ ಎರಡು ತಿಂಗಳಿಂದ ನನ್ನ ಪರ್ಸಿನಲ್ಲೇ ಇದೆ. ಪರೀಕ್ಷೆಯಾಗಿ ಇಂಜೆಕ್ಷನ್ ನಿಲ್ಲಿಸಿಬಿಟ್ಟರೆ? ಅರ್ಧಕ್ಕೆ ಬಿಟ್ಟರೆ ವೈರಸ್ ಮರಳಬಹುದಂತೆ. ಯಕೃತ್ತು ಕಲ್ಲಾಗಿ, ಕೊನೆಯ ತಿಂಗಳು ಅಮ್ಮನ ಹೊಟ್ಟೆ ಹೇಗೆ ಊದಿತ್ತು, ನಿನಗೂ ಗೊತ್ತು. ಅತ್ತ ದರಿ, ಇತ್ತ ಪುಲಿ. ನೀನು ಬರುವವರೆಗೆ ಹೇಗೋ ತಳ್ಳುತ್ತೇನೆ. ನೀನೀಗ ಅಲ್ಲಿಂದ ಏಳಬೇಡ.

ಮಗುವಿನ ಎರಡೂ ಕೆನ್ನೆಗೆ ಚಿಕ್ಕಜ್ಜಿಯ ಮುತ್ತು. ಬಾಣಂತಿ ಬೆಚ್ಚಗಿರಲಿ, ನೀನೂ ಒಂದು ಗಳಿಗೆ ಕಾಲು ಚಾಚು.

ನಿನ್ನ ಮೊಂಡಿ

ತಾ.ಕ.: ತಳ್ಳಲಾಗುವುದಿಲ್ಲ, ಅಕ್ಕಾ. ಈ ಕಾಗದ ಹಾಕಬೇಕೆಂದಿದ್ದ ಲಕೋಟೆ ಬಿತ್ತು, ಅದನ್ನೆತ್ತಲು ನೆಲಕ್ಕೆ ಕೂತವಳಿಗೆ ಏಳಲಾಗಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತೆವಳಿಕೊಂಡು ಹೋದೆ, ಚಿಲಕ ಕೆಳಗಿತ್ತು, ಪುಣ್ಯ. ಎದುರುಮನೆಯ ಟೈಲರಮ್ಮ. ಒಂದು ಮಾತೂ ಕೇಳದೆ ಕಂಕುಳಿಗೆ ಕೈಕೊಟ್ಟು ಎತ್ತಿ ಕುರ್ಚಿಗೆ ಕೂರಿಸಿದಳು. ಎಲ್ಲ ಒದರಿಬಿಟ್ಟೆ. ಈಗ ಗಾಡಿ ಕರೆಸಿದ್ದಾಳೆ, ಚೀಟಿ ಅವಳ ಮುಷ್ಟಿಯಲ್ಲಿದೆ. ‘ಹೆದರಿಕೆ ಆಗ್ತಿದೆ, ನಾಳೆ ಹೋಗೋಣ’ ಅಂದೆ. ನನ್ನ ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಂತವಳು ಅಂದಳು: ‘ಹೆದರಿಕೊಂಡೇ ಬಾರೇ. ಹೆದರಿದೋರನ್ನ ಒಳಗೆ ಬಿಡಲ್ಲ ಅಂತ ಆಸ್ಪತ್ರೆಯೋರು ಬೋರ್ಡು ಹಾಕಿದಾರಾ?’