ಸೀಟಿ ಊದಿದ್ದಕ್ಕೆ ಅಕ್ಕ ಕ್ಷಮೆ ಕೇಳುವುದಿಲ್ಲ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಸೀಟಿ ಊದಿ ಶಾಂತಿಭಂಗ ಮಾಡಿದ್ದಕ್ಕೆ ನನ್ನ ಅಕ್ಕ ಕ್ಷಮೆ ಕೇಳಬೇಕೆಂದು ನಿಮ್ಮ ಕಚೇರಿ ಹೇಳಿ ಕಳಿಸಿದೆ. ಅವಳು ಕೇಳುವುದಿಲ್ಲ. ಯಾಕೆಂಬುದನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರೇ ಹೇಳುತ್ತೇನೆ.

ಅಕ್ಕ ಶಾಲೆಯೊಂದರಲ್ಲಿ ಆಟದ ಟೀಚರ್. ಮೂತ್ರದಲ್ಲಿ ರಕ್ತ ಕಂಡಾಗ ನಾಚಿ ಮುಚ್ಚಿಡದೆ ಅಂದೇ ನಿಮ್ಮಲ್ಲಿಗೆ ಬಂದಳು. ಹೆಂಗಸರಿಗೆ ಇದೆಲ್ಲ ಮಾಮೂಲಿ, ಸೋಂಕು ಎಂದು ಮಾತ್ರೆ ಕೊಟ್ಟಿರಿ. ಮತ್ತೆ ಬಂದಳು, ಮತ್ತೆ ಮಾತ್ರೆ. ಒಳಗೆ ಕ್ಯಾಮೆರಾ ಇಳಿಸಿ ನೋಡುವ ಮನಸ್ಸು ಯಾರಿಗಾದರೂ ಬರುವಷ್ಟರಲ್ಲಿ ಕ್ಯಾನ್ಸರ್ ಮೂತ್ರಕೋಶದ ಗೋಡೆ ದಾಟಿ ಬೆನ್ನೆಲುಬಿಗೆ ಹಬ್ಬಿತ್ತು. ಅದನ್ನೂ ನುಂಗಿಕೊಂಡೆವು.

ಅನಂತರ ಶುರುವಾಯಿತು ನಿಮ್ಮ ಆತಿಥ್ಯ. ಇದು ಆಪರೇಷನ್ನಿನ ಹಂತ ಮೀರಿದೆ, ಮೇಲಿನ ಮಹಡಿಯ ಕ್ಯಾನ್ಸರ್ ವಿಭಾಗಕ್ಕೆ ಹೋಗಿ ಎಂದರು ಮೂತ್ರರೋಗ ವಿಭಾಗದವರು. ಗೆಡ್ಡೆ ಒತ್ತಿ ಕಿಡ್ನಿ ಊದಿಕೊಂಡಿದೆ, ಅದು ಸುಧಾರಿಸದೆ ಔಷಧಿ ಏರಿಸಲಾಗದು, ಕಿಡ್ನಿಯವರನ್ನು ಕಾಣಿ ಎಂದರು ಮೇಲಿನವರು. ಬೆನ್ನಿನಿಂದ ನಳಿಕೆ ಹಾಕಿ ಮೂತ್ರ ಹೊರಬಿಡಬೇಕು, ಅದು ಮೂತ್ರರೋಗದವರ ಕೆಲಸ ಎಂದರು ಕಿಡ್ನಿಯವರು. ನೋವು ತಡೆಯಲಾಗುತ್ತಿಲ್ಲ ಎಂದರೆ, ನೋವಿನ ವಿಭಾಗ ಚಿಕಿತ್ಸೆಯೆಲ್ಲ ಮುಗಿದವರಿಗೆ ಮಾತ್ರವಂತೆ. ಶುರುವೇ ಆಗದ ಚಿಕಿತ್ಸೆ ಮುಗಿಯುವುದು ಹೇಗೆ ಸ್ವಾಮಿ? ಪ್ರತಿಯೊಬ್ಬರ ಮಾತೂ ಸರಿಯೇ. ಎಲ್ಲರೂ ಸರಿಯಾಗಿದ್ದುಕೊಂಡೇ ಒಬ್ಬ ಹೆಂಗಸನ್ನು ಸಾಯಲು ಬಿಡಬಹುದು ಎಂಬುದನ್ನು ನಾನು ಕಲಿತದ್ದು ನಿಮ್ಮಲ್ಲೇ.

ಆ ಬೆಳಿಗ್ಗೆ ಜ್ವರದಲ್ಲಿ ನಡುಗುತ್ತಿದ್ದವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಮತ್ತೆ ಮೂತ್ರರೋಗ ವಿಭಾಗಕ್ಕೆ ಬಂದೆ. ಬಾಗಿಲಲ್ಲಿದ್ದವರು, ಮೇಲಿನಿಂದ ಹೊಸದಾಗಿ ಬರೆಸಿಕೊಂಡು ಬನ್ನಿ ಎಂದರು. ಅಕ್ಕ ಕೈಚೀಲದಿಂದ ಮೈದಾನದ ಸೀಟಿ ತೆಗೆದು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಊದಿದಳು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲುಗಳು ತೆರೆದವು. ಹೊರಬಂದ ವೈದ್ಯರಿಗೆ ಅವಳು ಮೆಲ್ಲಗೆ ಹೇಳಿದಳು:

“ನಾನು ಇಲ್ಲಿಂದ ಕದಲಲ್ಲ ಡಾಕ್ಟ್ರೇ. ಮೇಲಿನವರನ್ನ, ಕಿಡ್ನಿಯವರನ್ನ ಇಲ್ಲಿಗೇ ಕರೀರಿ. ನನ್ನೆದುರಿಗೇ ಮಾತಾಡ್ಕೊಳ್ಳಿ.”

ಬಂದರು. ಅವರ್‍ಯಾರೂ ಕೆಟ್ಟವರಲ್ಲ, ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ, ಅಷ್ಟೆ. ಚಹಾ ಆರುವುದರೊಳಗೆ ತೀರ್ಮಾನವಾಯಿತು. ಅಂದೇ ನಳಿಕೆ ಹಾಕಿದರು, ನೋವಿಗೆ ಔಷಧಿ ಕೊಟ್ಟರು. ಕಿಡ್ನಿ ಚೇತರಿಸಿಕೊಂಡ ಮೇಲೆ ಕ್ಯಾನ್ಸರ್ ಔಷಧಿಯೂ ಶುರುವಾಯಿತು. ಕಾಯಿಲೆ ಪೂರ್ತಿ ವಾಸಿಯಾಗದು ಎಂದು ಅಕ್ಕನಿಗೆ ಗೊತ್ತು. ಆದರೂ ಈಗ ಕಣ್ತುಂಬ ನಿದ್ದೆ ಮಾಡುತ್ತಾಳೆ, ಎದ್ದು ನನ್ನ ಅಡುಗೆಗೆ ಹೆಸರಿಡುತ್ತಾಳೆ. ನಿಮ್ಮ ಶಾಂತಿಯನ್ನು ಕಾಪಾಡಿದ್ದರೆ ಇದು ಆಗುತ್ತಿತ್ತೇ?

ಹಾಗಾಗಿ ಕೇಳುವ ಸರದಿ ನಮ್ಮದು. ಮೂತ್ರದಲ್ಲಿ ರಕ್ತ ಎಂದು ಬಂದ ಹೆಂಗಸನ್ನು ಮಾತ್ರೆ ಕೊಟ್ಟು ಸಾಗಹಾಕಬೇಡಿ. ಕಾಯಿಲೆ ಹಬ್ಬಿದವರ ವಿಷಯಕ್ಕೆ ಈ ವೈದ್ಯರೆಲ್ಲ ವಾರವಾರವೂ ಒಂದೇ ಕೋಣೆಯಲ್ಲಿ ಕೂರಲಿ. ಕರೆ ಮಾಡಿದರೆ ಫೋನೆತ್ತಿ, ಮುಂದೇನೆಂದು ಹೇಳುವ ಒಬ್ಬ ನರ್ಸ್ ಪ್ರತಿ ರೋಗಿಗೂ ಇರಲಿ. ನೋವಿನ ಔಷಧಿ ಮೊದಲ ದಿನದಿಂದಲೇ ಸಿಗಲಿ.

ಮೊನ್ನೆ ಬಂದಾಗ, ಮೂತ್ರದ ಚೀಲ ಹಿಡಿದ ಹಿರಿಯರೊಬ್ಬರು ಮೆಟ್ಟಿಲ ಬಳಿ ನಿಂತಿದ್ದರು. “ನಾನು ಯಾವ ಮಹಡಿಗೆ ಹೋಗ್ಬೇಕು ತಾಯಿ?” ಎಂದರು. ಅವರನ್ನು ನಿಮ್ಮ ಕಚೇರಿಯ ಬಾಗಿಲಿಗೇ ಕರೆತಂದು ಕೂರಿಸಿ ಹೋದೆ. ನೀವು ದಾರಿ ಮಾಡುವ ತನಕ, ಕೇಳಿದವರನ್ನೆಲ್ಲ ಅಲ್ಲಿಗೇ ಕರೆತರುತ್ತೇನೆ.

ಇಂತಿ,
ನಿಮ್ಮ ಮೆಟ್ಟಿಲು ಸವೆಸಿ ಸಾಕಾದ,
ರೋಗಿಯ ತಂಗಿ